ಬೇಸಿಗೆಗೆ ಕೆರಾಟಿನ್ ಮಾಡಿಸುವ ಯೋಚನೆಯೇ? ಮೊದಲು ಬಾಟಲಿ ಕೇಳಿ

ಏಪ್ರಿಲ್ ಬಂತೆಂದರೆ ನಮ್ಮ ಬಳ್ಳಾರಿಯ ಪಾರ್ಲರ್‌ಗಳ ಮುಂದೆ ಸಮ್ಮರ್ ಆಫರ್ ಬೋರ್ಡು ಬೀಳುತ್ತದೆ. ಕ್ರೀಮ್ ಹಚ್ಚಿ, ಬಿಸಿ ಐರನ್ ಎಳೆದು ಕೂದಲು ನೇರ ಮಾಡುವುದಕ್ಕೆ ಕೆರಾಟಿನ್, ಸ್ಮೂದನಿಂಗ್, ಹೇರ್ ಬೊಟಾಕ್ಸ್ ಅಂತ ಹೆಸರು ಬೇರೆ ಬೇರೆ. ನನ್ನ ಹಾಗೆ ಒರಟಾದ ಗುಂಗುರು ಕೂದಲಿನವರಿಗೆ ಹೇಳುವ ಮಾತು ಮಾತ್ರ ಒಂದೇ: "ಈ ಸೆಖೆಯಲ್ಲಿ ಇಷ್ಟು ದಟ್ಟ ಕೂದಲು ಯಾಕೆ ಹೊತ್ಕೊಂಡು ತಿರುಗ್ತೀರಿ ಮೇಡಂ, ಒಂದ್ಸಲ ಮಾಡಿಸಿಬಿಡಿ, ಬೇಸಿಗೆ ಪೂರ್ತಿ ಆರಾಮು." ಅದನ್ನು ನಂಬಿ ಕುರ್ಚಿಯಲ್ಲಿ ಕೂರುವ ಮುಂಚೆ ದಯವಿಟ್ಟು ಇದನ್ನು ಓದಿ.

ನಾನು ಮಾಡಿಸಿದ್ದು ಹೋದ ವರ್ಷ ಮೇ ತಿಂಗಳಲ್ಲಿ, ಚಿಕ್ಕಪ್ಪನ ಮಗಳ ಮದುವೆಗೆ ಮುಂಚೆ. ಫಾರ್ಮಾಲಿನ್ (ಫಾರ್ಮಾಲ್ಡಿಹೈಡ್ ಎಂಬ ವಿಷಕಾರಿ ಅನಿಲ ಬೆರೆಸಿದ ನೀರು) ಇಲ್ಲ ತಾನೇ ಎಂದು ಮೊದಲೇ ಕೇಳಿದೆ. ಇಲ್ಲವೇ ಇಲ್ಲ, ಪೂರ್ತಿ ಆರ್ಗ್ಯಾನಿಕ್ ಎಂದರು. ಬಾಟಲಿ ತೋರಿಸಿ ಎಂದರೆ, ಆಗಲೇ ಪ್ಲಾಸ್ಟಿಕ್ ಬಟ್ಟಲಿಗೆ ಸುರಿದಿದ್ದ ಬಿಳಿ ಕ್ರೀಮ್ ತೋರಿಸಿದರು. ಬಾಟಲಿ ಹೊರಗೆ ಬರಲೇ ಇಲ್ಲ. ಕ್ರೀಮನ್ನು ಬುಡದಿಂದಲೇ, ನೆತ್ತಿಗೆ ತಾಗುವ ಹಾಗೆ ಹಚ್ಚಿದರು. ಒಣಗಿಸಿ, ಐರನ್ ಹಿಡಿದರು. ಅದರ ಮೇಲೆ 230 ಡಿಗ್ರಿ ಎಂದು ಅಂಕಿ ಕಾಣುತ್ತಿತ್ತು. ನಿಮ್ಮದು ಒರಟು ಕೂದಲು, ಜಾಸ್ತಿ ಎಳೀಬೇಕು ಎನ್ನುತ್ತಾ ಒಂದೊಂದು ಎಳೆಯ ಮೇಲೂ ಮತ್ತೆ ಮತ್ತೆ ಎಳೆದರು. ಎಳೆದಾಗಲೆಲ್ಲ ಬಿಳಿ ಹೊಗೆ. ಕಣ್ಣು ಉರಿದು ನೀರು ಸುರಿಯಿತು, ಗಂಟಲು ಕೆರೆಯಿತು. ಬಾಗಿಲು ತೆಗೆಯಿರಿ ಎಂದರೆ ಎ.ಸಿ. ತಂಪು ಹೋಗುತ್ತದೆ ಎಂದರು. ಐರನ್ ಹಿಡಿದಿದ್ದ ಹುಡುಗಿಗೆ ಇಪ್ಪತ್ತು ವರ್ಷವೂ ಆಗಿರಲಿಕ್ಕಿಲ್ಲ. ತೆಳ್ಳನೆ ಮಾಸ್ಕ್ ಹಾಕಿಕೊಂಡು ಮೊಣಕೈಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನಾನು ಅಲ್ಲಿದ್ದದ್ದು ಒಂದು ಮಧ್ಯಾಹ್ನ. ಆ ಮಗು ದಿನಾ ಆ ಹೊಗೆಯಲ್ಲೇ ನಿಂತಿರುತ್ತದೆ. ಇವತ್ತಿಗೂ ನನಗೆ ಅವಳದೇ ಯೋಚನೆ.

ಆಮೇಲೆ ಹೇಳಿದ್ದು, 3 ದಿನ ತಲೆಗೆ ನೀರು ಸೋಕಿಸಬೇಡಿ, ಕೂದಲು ಕಟ್ಟಬೇಡಿ, ಕಿವಿ ಹಿಂದೆ ಕೂಡ ಸಿಕ್ಕಿಸಬೇಡಿ ಅಂತ. ಬಳ್ಳಾರಿಯ ಮೇ ತಿಂಗಳು, ಹೊರಗೆ 40 ದಾಟಿದ ಬಿಸಿಲು, ನೆತ್ತಿಯ ಮೇಲೆ ರಾಸಾಯನಿಕ, ಅದರ ಜೊತೆಗೆ ಬೆವರು. ಎರಡನೇ ರಾತ್ರಿಗೆ ತಲೆ ಧಗಧಗ ಉರಿಯತೊಡಗಿತು. ಕಿವಿ ಹಿಂದೆ, ಹಣೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದು ನೀರು ಒಸರಿತು. ತಲೆ ತೊಳೆದಾಗ ಮುಂಭಾಗದ ಕೂದಲು ಮಧ್ಯಕ್ಕೆ ತುಂಡಾಗಿ ಕೈಗೆ ಬಂತು. ಉದುರಿದ ಕೂದಲಾದರೆ ತುದಿಯಲ್ಲಿ ಬಿಳಿ ಬುಡ ಕಾಣುತ್ತದೆ, ಇದರಲ್ಲಿ ಅದಿರಲಿಲ್ಲ. ಅಷ್ಟೂ ಸುಟ್ಟು ಮುರಿದದ್ದು. ಮದುವೆಯಲ್ಲಿ ಬೈತಲೆಯ ಎರಡೂ ಬದಿಗೆ ಬೆರಳುದ್ದದ ಮೋಟು ಕೂದಲು ನಿಂತಿತ್ತು, ಮಲ್ಲಿಗೆ ಮುಡಿದರೂ ಮುಚ್ಚಲಿಲ್ಲ.

ಚರ್ಮದ ಡಾಕ್ಟರಮ್ಮ ನೋಡಿದ ಕೂಡಲೇ ಕೇಳಿದ್ದು ಕೂದಲಿನ ವಿಷಯವಲ್ಲ. ವಾಂತಿ ಆಯ್ತಾ, ಸೊಂಟ ನೋವಿದೆಯಾ, ಮೂತ್ರ ಸರಿಯಾಗಿ ಹೋಗ್ತಿದೆಯಾ ಅಂತ. ಕಿಡ್ನಿ ಸರಿಯಿದೆಯಾ ಎಂದು ನೋಡುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ ಬರೆದುಕೊಟ್ಟರು. ಪುಣ್ಯಕ್ಕೆ ರಿಪೋರ್ಟ್ ಸರಿ ಇತ್ತು. ಕೂದಲಿಗೂ ಕಿಡ್ನಿಗೂ ಏನು ಸಂಬಂಧ ಅಂತ ನಿಮಗೂ ಅನ್ನಿಸಬಹುದು. ಅವರು ಬಿಡಿಸಿ ಹೇಳಿದರು, ಆಮೇಲೆ ನಾನೂ ಹುಡುಕಿ ಓದಿದೆ.

ಹಳೆಯ ಕೆರಾಟಿನ್ ಕ್ರೀಮ್‌ಗಳಲ್ಲಿ ಕೂದಲನ್ನು ನೇರವಾಗಿ ಹಿಡಿದಿಡುತ್ತಿದ್ದದ್ದು ಫಾರ್ಮಾಲ್ಡಿಹೈಡ್. ಅದನ್ನು ನೀರಿಗೆ ಬೆರೆಸಿದರೆ ಮಿಥಿಲೀನ್ ಗ್ಲೈಕಾಲ್ ಆಗುತ್ತದೆ. ಲೇಬಲ್ ಮೇಲೆ ಈ ಹೆಸರು ಬರೆದು ಫಾರ್ಮಾಲ್ಡಿಹೈಡ್ ಇಲ್ಲ ಎನ್ನುವವರಿದ್ದಾರೆ, ಐರನ್ ತಾಗಿದ ಮೇಲೆ ಮೇಲೇಳುವುದು ಅದೇ ಅನಿಲ. ಇದು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಅದರ ಬದಲಿಗೆ ಈಗ ಅನೇಕ ಕ್ರೀಮ್‌ಗಳಲ್ಲಿ ಗ್ಲೈಆಕ್ಸಿಲಿಕ್ ಆಸಿಡ್ ಬಳಸುತ್ತಾರೆ. ಇದು ನೆತ್ತಿಯ ಚರ್ಮದ ಮೂಲಕ ಒಳಗೆ ಹೋದರೆ ದೇಹದಲ್ಲಿ ಆಕ್ಸಲೇಟ್ ಎಂಬ ಲವಣವಾಗಿ, ಕಿಡ್ನಿಯಲ್ಲಿ ಹರಳುಗಟ್ಟಬಹುದು. 2024ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಫ್ರಾನ್ಸಿನ ವೈದ್ಯರು 26 ವರ್ಷದ ಹುಡುಗಿಯೊಬ್ಬಳ ಬಗ್ಗೆ ಬರೆದಿದ್ದಾರೆ. ಸ್ಟ್ರೇಟ್ನಿಂಗ್ ಮಾಡಿಸಿದ ಮೂರು ಸಲವೂ ಅವಳ ಕಿಡ್ನಿಗೆ ಪೆಟ್ಟು ಬಿದ್ದಿತ್ತು. ಪ್ರತಿಸಲವೂ ಕ್ರೀಮ್ ಹಚ್ಚುವಾಗ ನೆತ್ತಿ ಉರಿದಿತ್ತು, ಆಮೇಲೆ ಹುಣ್ಣೂ ಆಗಿತ್ತು. ಇಸ್ರೇಲಿನ ವೈದ್ಯರೂ 2023ರಲ್ಲಿ ಇಂಥ 26 ಜನರ ಕೇಸುಗಳನ್ನು ಒಟ್ಟು ಸೇರಿಸಿ ಪ್ರಕಟಿಸಿದರು. ಮಾಡಿಸಿದವರಿಗೆಲ್ಲ ಹೀಗಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಮಾಡಿಸಿದ ಮೇಲೆ ವಾಂತಿ, ಸೊಂಟ ನೋವು, ಮೂತ್ರ ಕಡಿಮೆಯಾಗುವುದು ಕಂಡರೆ ಬಿಸಿಲಿಗೆ ಆಗಿರಬೇಕು ಎಂದು ಸುಮ್ನೆ ಕೂರಬೇಡಿ. ಆಸ್ಪತ್ರೆಗೆ ಹೋಗಿ, ಕೂದಲಿಗೆ ಏನು ಮಾಡಿಸಿದಿರಿ ಎಂಬುದನ್ನು ತಪ್ಪದೆ ಹೇಳಿ.

ಒರಟು ಕೂದಲಿನವರಿಗೆ ಅಪಾಯ ಜಾಸ್ತಿ ಎನ್ನಲು ಕಾರಣವಿದೆ. ಬಗ್ಗಲಿಲ್ಲ ಎಂದು ಕ್ರೀಮ್ ಹೆಚ್ಚು ಹೊತ್ತು ಬಿಡುತ್ತಾರೆ, ಐರನ್ ಹೆಚ್ಚು ಸಲ ಎಳೆಯುತ್ತಾರೆ. ಕಾಲೇಜು ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್ ಯಲ್ಲಾಪುರ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹುಡುಗಿ. ಅವಳದು ನನಗಿಂತ ಬಿಗಿಯಾದ ಸುರುಳಿ ಕೂದಲು. ನೇರ ಮಾಡಿಸಿಕೋ ಎಂದು ಅವಳಿಗೆ ಹೇಳದವರೇ ಇರಲಿಲ್ಲ. ಅವಳು ಮಾಡಿಸಲಿಲ್ಲ. ಎಷ್ಟು ಚೆಂದದ ಕೂದಲು ಅದು! ನನ್ನ ನೆತ್ತಿ ವಾಸಿಯಾದ ಮೇಲೆ ಮೊದಲು ಫೋನ್ ಮಾಡಿದ್ದು ಅವಳಿಗೇ. ಈ ಬೇಸಿಗೆ ಅವಳು ಹೇಳಿಕೊಟ್ಟ ಹಾಗೇ ನಡೆಸುತ್ತಿದ್ದೇನೆ.

ಗುಂಗುರು ಕೂದಲಿನಲ್ಲಿ ನೆತ್ತಿಯ ಜಿಡ್ಡು ಸುರುಳಿ ದಾಟಿ ತುದಿಗೆ ಇಳಿಯುವುದಿಲ್ಲ, ಹಾಗಾಗಿ ಬುಡ ಜಿಡ್ಡಾಗಿದ್ದರೂ ತುದಿ ಒಣಗಿರುತ್ತದೆ. ಅದಕ್ಕೆ ತಲೆ ತೊಳೆಯುವ ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆಯನ್ನು ಉದ್ದಕ್ಕೂ, ತುದಿಗೆ ಜಾಸ್ತಿ ಹಚ್ಚುತ್ತೇನೆ. ಅದು ಕೂದಲಿನ ಒಳಗೆ ಇಳಿದು ಪ್ರೋಟೀನ್ ಸೋರುವುದನ್ನು ತಡೆಯುತ್ತದೆ. ಎಣ್ಣೆ ಹಚ್ಚಿಕೊಂಡು ಮಟಮಟ ಮಧ್ಯಾಹ್ನ ಹೊರಗೆ ಮಾತ್ರ ಹೋಗುವುದಿಲ್ಲ. ನಮ್ಮ ಬೋರ್‌ವೆಲ್ ಗಡಸು ನೀರಿಗೆ ಶಾಂಪೂ ನೊರೆ ಬರುವುದಿಲ್ಲವೆಂದು ಸುರಿಯುತ್ತಾ ಹೋದರೆ ಕೂದಲು ತೆಂಗಿನ ನಾರಿನಂತಾಗುತ್ತದೆ, ಕೊನೆಯ ಚೊಂಬಾದರೂ ಕುಡಿಯುವ ನೀರು ಹಾಕಿ. ಸೀಗೆಪುಡಿ ಸುರುಳಿಯ ಸಂದಿಯಲ್ಲಿ ಕೂತುಬಿಡುತ್ತದೆ, ಹಾಕುವುದಾದರೆ ಸೀಗೆಕಾಯಿ ಕುದಿಸಿ ಸೋಸಿದ ನೀರೇ ವಾಸಿ.

ಒಣಗಿದ ಕೂದಲಿಗೆ ಬಾಚಣಿಗೆ ಹಾಕುವುದನ್ನು ಬಿಟ್ಟೆ. ಕಂಡೀಷನರ್ ಹಚ್ಚಿ ಒದ್ದೆ ಇರುವಾಗಲೇ ಬೆರಳಿನಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸುತ್ತೇನೆ, ಟವೆಲ್ ಬದಲು ಹಳೆಯ ಕಾಟನ್ ಬನಿಯನ್‌ನಲ್ಲಿ ಹಿಂಡುತ್ತೇನೆ. ಸೆಖೆಗೆ ಎರಡು ಸಡಿಲ ಜಡೆ ಹೆಣೆದು ಕತ್ತಿನಿಂದ ಮೇಲೆ ಸುತ್ತಿ ಕಟ್ಟಿದರೆ ಕುತ್ತಿಗೆಗೆ ಗಾಳಿ ಆಡುತ್ತದೆ. ಬಿಸಿಲಿಗೆ ಹೋದರೆ ಮೇಲೊಂದು ಕಾಟನ್ ವೇಲ್. ಅಮ್ಮನ ಹರಿದ ರೇಷ್ಮೆ ಸೀರೆಯಲ್ಲಿ ದಿಂಬಿನ ಕವರ್ ಹೊಲಿಸಿದ್ದೇನೆ, ಬೆಳಿಗ್ಗೆ ಸಿಕ್ಕೇ ಇರುವುದಿಲ್ಲ. ಮುರಿದ ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತಿದೆ, ಗುಂಗುರಾಗಿಯೇ.

ಇಷ್ಟರ ಮೇಲೂ ಮಾಡಿಸಲೇಬೇಕು ಎನ್ನುವವರು ಸೀಲ್ ಒಡೆಯದ ಬಾಟಲಿ ತರಿಸಿ, ಹಿಂಭಾಗ ಓದಿ. ನಮ್ಮ ದೇಶದ ಕಾನೂನಿನ ಪ್ರಕಾರ ಸೌಂದರ್ಯ ಸಾಮಗ್ರಿಯ ಮೇಲೆ ತಯಾರಕರ ಹೆಸರು, ಬ್ಯಾಚ್ ನಂಬರ್, ಒಳಗಿರುವ ಪದಾರ್ಥಗಳ ಪಟ್ಟಿ ಇರಲೇಬೇಕು. ಫಾರ್ಮಾಲಿನ್, ಮಿಥಿಲೀನ್ ಗ್ಲೈಕಾಲ್, ಗ್ಲೈಆಕ್ಸಿಲಿಕ್ ಎಂಬ ಪದ ಕಂಡರೆ ಬೇಡ ಎನ್ನಿ. ಬಾಟಲಿ ತೋರಿಸದಿದ್ದರೆ ಎದ್ದು ಬನ್ನಿ. ಅರ್ಧ ಹಚ್ಚಿದ ಮೇಲೆ ನೆತ್ತಿ ಉರಿದರೂ ಅಷ್ಟೇ, ಕೂಡಲೇ ತೊಳೆಸಿಕೊಳ್ಳಿ, ದುಡ್ಡು ಹೋದರೆ ಹೋಗಲಿ. ಲೇಬಲ್ಲಿನ ಫೋಟೋ ತೆಗೆದಿಟ್ಟುಕೊಳ್ಳಿ, ಬಿಲ್ ಕೇಳಿ ಪಡೆಯಿರಿ. ನನಗೆ ಬಿಲ್ ಕೊಟ್ಟಿರಲಿಲ್ಲ, ಹಾಗಾಗಿ ಆ ಪಾರ್ಲರ್‌ನವರು ನೀವು ಇಲ್ಲಿಗೆ ಬಂದೇ ಇಲ್ಲ ಎಂದುಬಿಟ್ಟರು. ನಿಮ್ಮ ಕೈಯಲ್ಲಿ ಬಿಲ್ ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಬಹುದು.