ಪಬ್‌ಮೆಡ್ ಸೆಂಟ್ರಲ್: ಸೇಡಂನ ಸಣ್ಣ ದವಾಖಾನೆಯಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ಮೆಡಿಕಲ್ ಕಾಲೇಜು ಬಿಟ್ಟ ದಿನವೇ ಲೈಬ್ರರಿ ಲಾಗಿನ್ ಕೂಡ ಹೋಗುತ್ತದೆ. ಆಮೇಲೆ ಸೇಡಂನಂಥ ಊರಲ್ಲಿ ಸ್ವಂತ ದವಾಖಾನೆ ನಡೆಸುವವರಿಗೆ ಉಳಿಯುವ ಆಸರೆ ಪಬ್‌ಮೆಡ್ ಸೆಂಟ್ರಲ್ ಅನ್ನುವ ಈ ಆನ್‌ಲೈನ್ ವೈದ್ಯಕೀಯ ಲೇಖನ ಭಂಡಾರ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 2000ರಲ್ಲಿ ಶುರು ಮಾಡಿದ್ದು. ದುಡ್ಡು ಕೊಡಬೇಕಿಲ್ಲ, ಹೆಸರು ನೋಂದಾಯಿಸಬೇಕಿಲ್ಲ, ಲೇಖನ ಪೂರ್ತಿ ಸಿಗುತ್ತದೆ.

ಪೂರ್ತಿ ಸಿಗುವುದೇ ದೊಡ್ಡ ಮಾತು. ಒಂದು ಉದಾಹರಣೆ ನೋಡಿ. ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವು ಅಂತ ಬರುತ್ತಾರೆ. ಎಲ್ಲೂ ಕಚ್ಚಿದ ಗುರುತಿರಲ್ಲ. ನೋಡನೋಡುತ್ತಲೇ ಕಣ್ಣುರೆಪ್ಪೆ ಜೋತು ಬೀಳುತ್ತದೆ. ಕಟ್ಟುಹಾವಿನ ಕಡಿತ ಹೀಗೇ. ನಾಗರಹಾವು ಕಚ್ಚಿದಾಗ ನಿಯೋಸ್ಟಿಗ್ಮಿನ್ ಅನ್ನುವ ಔಷಧಿಯಿಂದ ಆಗುವಷ್ಟು ಉಪಯೋಗ ಇಲ್ಲಿ ಆಗುವುದಿಲ್ಲ, ಯಾಕೆಂದರೆ ಈ ವಿಷ ನರದ ತುದಿಯನ್ನೇ ಕೆಡಿಸುತ್ತದೆ. ಇಂಥ ಕೇಸುಗಳ ಲೇಖನದಲ್ಲಿ ಯಾರಿಗೆ ಯಾವ ಔಷಧಿ, ಎಷ್ಟು ಡೋಸ್, ಎಷ್ಟು ಹೊತ್ತಿಗೆ ಕೊಟ್ಟರು ಅನ್ನುವುದು ಸಾರಾಂಶದಲ್ಲಿ ಇರಲ್ಲ, ಒಳಗಿನ ಟೇಬಲ್‌ನಲ್ಲಿರುತ್ತದೆ. 2000ದಿಂದ 2019ರವರೆಗೆ ದೇಶದಲ್ಲಿ ಹಾವು ಕಚ್ಚಿ ಸುಮಾರು 12 ಲಕ್ಷ ಜನ ಸತ್ತರೆಂದು ಅಂದಾಜಿಸಿದ 2020ರ ಅಧ್ಯಯನವನ್ನೂ ನಾನು ಇಲ್ಲೇ ಕೊನೆಯವರೆಗೆ ಓದಿದ್ದು. ತೊಗರಿ ಹೊಲಗಳ ನಡುವೆ ಕೆಲಸ ಮಾಡುವವರಿಗೆ ಅದು ಸುಮ್ನೆ ಅಂಕಿಯಲ್ಲ.

ಬಡ ದೇಶಗಳಿಗೆ ವೈದ್ಯಕೀಯ ಪತ್ರಿಕೆಗಳನ್ನು ಪುಕ್ಕಟೆ ಇಲ್ಲವೇ ಕಡಿಮೆ ದುಡ್ಡಿಗೆ ಕೊಡುವ ಹಿನಾರಿ ಯೋಜನೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ತಂದಾಗ ಭಾರತ ಆ ಪಟ್ಟಿಯಲ್ಲಿ ಇರಲಿಲ್ಲ. 2025ರಲ್ಲಿ ಶುರುವಾದ ಕೇಂದ್ರ ಸರ್ಕಾರದ 'ಒಂದು ದೇಶ, ಒಂದು ಚಂದಾ' ಯೋಜನೆ ನಿಜಕ್ಕೂ ಒಳ್ಳೆಯದು, ಅದರಲ್ಲಿ ಸುಮಾರು 13,000 ಸಂಶೋಧನಾ ಪತ್ರಿಕೆಗಳಿವೆ. ಆದರೆ ಅದು ಮೊದಲು ಸರ್ಕಾರಿ ಕಾಲೇಜು, ಸಂಶೋಧನಾ ಸಂಸ್ಥೆಗಳಿಗೆ. ಕಲಬುರಗಿಯ ಜಿಮ್ಸ್‌ನಂಥ ಸರ್ಕಾರಿ ಮೆಡಿಕಲ್ ಕಾಲೇಜಿಗೆ ಅನುಕೂಲ. ಹಳ್ಳಿಯ ರೋಗಿ ಮೊದಲು ಬರುವುದು ನಮ್ಮಂಥ ಸಣ್ಣ ದವಾಖಾನೆಗೆ ಅಲ್ವಾ? ಆ ಬಾಗಿಲು ನಮಗೂ ತೆರೆಯಬೇಕು.

ಕೊರತೆಗಳಿವೆ. ಎಲ್ಲ ಲೇಖನ ಇಲ್ಲಿಲ್ಲ. ಅಮೆರಿಕ ಸರ್ಕಾರದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ (ಎನ್‌ಐಎಚ್) ಹಣದಲ್ಲಿ ನಡೆದ ಸಂಶೋಧನೆಗೂ 2008ರ ನಿಯಮದಂತೆ 12 ತಿಂಗಳವರೆಗೆ ಕಾಯಬೇಕಾಗುತ್ತಿತ್ತು. 2025ರ ಜುಲೈಯಿಂದ ಆ ಕಾಯುವಿಕೆ ತೆಗೆದರು, ಅದು ದೊಡ್ಡ ಸಮಾಧಾನ. ಮೊಬೈಲ್‌ನಲ್ಲಿ ಅಗಲದ ಟೇಬಲ್ ಓದುವುದು ಕಷ್ಟ, ಪಕ್ಕಕ್ಕೆ ಸರಿಸುತ್ತಲೇ ಇರಬೇಕು. ನೆಟ್‌ವರ್ಕ್ ಕೈಕೊಟ್ಟರೆ ಪಿಡಿಎಫ್ ಬಿಟ್ಟು ವೆಬ್ ಪುಟವನ್ನೇ ಓದಿ, ಬೇಗ ತೆರೆಯುತ್ತದೆ. ಇನ್ನೊಂದು: ಇಲ್ಲಿದೆ ಅಂದ ಮಾತ್ರಕ್ಕೆ ಎಲ್ಲವೂ ಗಟ್ಟಿ ಅಧ್ಯಯನವಲ್ಲ. 'ಪ್ರಿಪ್ರಿಂಟ್' ಅಂತ ಇದ್ದರೆ ಅದನ್ನು ಬೇರೆ ತಜ್ಞರು ಇನ್ನೂ ತಿದ್ದಿ ನೋಡಿಲ್ಲ ಅಂತ ಅರ್ಥ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಹೊಸದಾಗಿ ಪ್ರಾಕ್ಟೀಸ್ ಶುರು ಮಾಡುವವರು ಪಬ್‌ಮೆಡ್‌ನಲ್ಲಿ (ಅದೇ ಗ್ರಂಥಾಲಯದ ಲೇಖನ ಹುಡುಕುವ ತಾಣ) ಹುಡುಕುವಾಗ 'ಫ್ರೀ ಫುಲ್ ಟೆಕ್ಸ್ಟ್' ಫಿಲ್ಟರ್ ಹಾಕಿಕೊಳ್ಳಿ. ಆಗಲೂ ಬೇಕಾದ ಲೇಖನ ಸಿಗದಿದ್ದರೆ, ಬರೆದವರಿಗೇ ಒಂದು ಮೇಲ್ ಹಾಕಿ ಕೇಳಿ. ಎಷ್ಟೋ ಜನ ಖುಷಿಯಿಂದ ಕಳಿಸುತ್ತಾರೆ.