ಗಣಿತದ ಪ್ರಶ್ನೆಪತ್ರಿಕೆಗೆ ಲಿಬ್ರೆ ಆಫೀಸ್: ವರ್ಡ್‌ಗೆ ಹೋಗಿ ಬರುವ ಸೂತ್ರಗಳ ಕಥೆ

ಪಿಯು ಮಕ್ಕಳಿಗೆ ಗಣಿತ ಹೇಳಿಕೊಡುವವಳು ನಾನು. ಪ್ರಶ್ನೆಪತ್ರಿಕೆ, ನೋಟ್ಸ್ ಎಲ್ಲವನ್ನೂ ವರ್ಷಗಳಿಂದ ಲಿಬ್ರೆ ಆಫೀಸ್ ರೈಟರ್‌ನಲ್ಲೇ ಮಾಡುತ್ತಿದ್ದೇನೆ. ಇದು ವರ್ಡ್‌ನಂಥದ್ದೇ ಒಂದು ಉಚಿತ ತಂತ್ರಾಂಶ. ಮನೆಯ ಲ್ಯಾಪ್‌ಟಾಪಿನಲ್ಲಿರುವುದು ವಿಂಡೋಸ್ ಬದಲು ಉಬುಂಟು. ಸಹೋದ್ಯೋಗಿಗಳ ಹತ್ತಿರ, ಪ್ರಿಂಟ್ ಹಾಕಿಸುವ ಡಿಟಿಪಿ ಅಂಗಡಿಯಲ್ಲಿ ಇರುವುದು ಮೈಕ್ರೋಸಾಫ್ಟ್ ವರ್ಡ್. ಹೀಗಾಗಿ ನನ್ನ ಫೈಲುಗಳು ಸದಾ ಅತ್ತಿಂದಿತ್ತ ಓಡಾಡುತ್ತಿರುತ್ತವೆ. ಈ ವಿಮರ್ಶೆ ಆ ಓಡಾಟದ ಬಗ್ಗೆ ಮಾತ್ರ.

ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಲಿಬ್ರೆಯಲ್ಲಿ ಮಾಡಿ ವರ್ಡ್‌ಗೆ ಕಳಿಸುವುದಕ್ಕೆ ಇದನ್ನು ಧೈರ್ಯವಾಗಿ ನಂಬಬಹುದು. ಒಂದೇ ಫೈಲನ್ನು ಇಬ್ಬರೂ ತಿದ್ದುತ್ತಾ ಅಲ್ಲಿಂದಿಲ್ಲಿಗೆ ಕಳಿಸುತ್ತಿದ್ದರೆ ಮಾತ್ರ ತಲೆನೋವು.

ಕಾರಣ ಸರಳ. ಲಿಬ್ರೆ ತನ್ನ ಫೈಲ್ ರೂಪವಾದ ಓಡಿಟಿಯಲ್ಲಿ ಸೂತ್ರವನ್ನು ಮ್ಯಾಥ್‌ಎಂಎಲ್ ಎಂಬ, ಗಣಿತ ಬರೆದಿಡುವ ಸಂಕೇತ ರೂಪದಲ್ಲಿ ಇಡುತ್ತದೆ. ಸೂತ್ರಕ್ಕಾಗಿ ನಾವು ಟೈಪ್ ಮಾಡಿದ ಸಾಲೂ ಅದರ ಜೊತೆಗೇ ಇರುತ್ತದೆ. ವರ್ಡ್ 2007ರಿಂದ ತನ್ನದೇ ಆದ ಬೇರೆ ರೂಪ ಬಳಸುತ್ತಿದೆ. ಅಂದರೆ ವರ್ಡ್‌ನ ಫೈಲ್ ರೂಪವಾದ ಡಾಕ್‌ಎಕ್ಸ್ ಆಗಿ ಉಳಿಸಿದಾಗ ಪ್ರತಿ ಸೂತ್ರವೂ ಹೊಸ ರೂಪಕ್ಕೆ ಬದಲಾಗುತ್ತದೆ. ತಿರುಗಿ ತೆರೆದಾಗ ಮತ್ತೆ ಬದಲಾಗುತ್ತದೆ. ಭಿನ್ನರಾಶಿ, ವರ್ಗಮೂಲ, ಘಾತ, ಸಂಕಲನದ ಸಿಗ್ಮಾ, ಅನುಕಲನ ಇವೆಲ್ಲ ಚೆನ್ನಾಗಿಯೇ ದಾಟುತ್ತವೆ. ವರ್ಗ ಸಮೀಕರಣದ ಸೂತ್ರ ವರ್ಡ್‌ನಲ್ಲಿ ತೆರೆದುಕೊಂಡಾಗ ಚಿತ್ರವಾಗಿರುವುದಿಲ್ಲ. ಕ್ಲಿಕ್ ಮಾಡಿ ತಿದ್ದಬಹುದಾದ ನಿಜವಾದ ಸಮೀಕರಣವಾಗಿರುತ್ತದೆ. ಇದು ಸಣ್ಣ ವಿಷಯ ಅಲ್ಲ.

ಟೈಪ್ ಮಾಡುವುದೂ ನನಗೆ ಇಷ್ಟ. ಅಂಶ ಬರೆದು, ‘ಓವರ್’ ಅಂತ ಇಂಗ್ಲಿಷಿನಲ್ಲಿ ಟೈಪಿಸಿ, ಛೇದ ಬರೆದರೆ ಭಿನ್ನರಾಶಿ ಸಿದ್ಧ. ಮೌಸ್ ಮುಟ್ಟಬೇಕಿಲ್ಲ. ರೈಟರ್‌ನಲ್ಲಿ ‘ಎಫ್‌ಎನ್’ ಎಂದು ಎರಡು ಅಕ್ಷರ ಟೈಪಿಸಿ ಎಫ್3 ಒತ್ತಿದರೆ ಕ್ರಮಸಂಖ್ಯೆಯ ಜೊತೆಗೇ ಸೂತ್ರ ಬರುತ್ತದೆ. ನೋಟ್ಸ್ ಮಾಡುವವರಿಗೆ ಇದು ತುಂಬಾ ಉಪಯೋಗ.

ತೊಂದರೆ ಶುರುವಾಗುವುದು ಹಂತ ಹಂತವಾಗಿ ಲೆಕ್ಕ ಬಿಡಿಸಿ ತೋರಿಸುವಾಗ. ಸಮ ಚಿಹ್ನೆಗಳು ಒಂದರ ಕೆಳಗೊಂದು ನಿಲ್ಲಬೇಕು, ಅಲ್ವಾ? ವರ್ಡ್‌ನಲ್ಲಿ ಅದಕ್ಕೆ ನೇರವಾದ ವ್ಯವಸ್ಥೆ ಇದೆ. ಲಿಬ್ರೆಯಲ್ಲಿ ಇಲ್ಲ. ಹಾಗಾಗಿ ಎಲ್ಲರೂ ಮಾತೃಕೆಯ ಆದೇಶವನ್ನೇ ಬಳಸಿ ಎಡಭಾಗ, ಸಮ ಚಿಹ್ನೆ, ಬಲಭಾಗ ಅಂತ ಮೂರು ಕಂಬಸಾಲು ಮಾಡಿಕೊಳ್ಳುತ್ತಾರೆ. ನೋಡಲು ಅಚ್ಚುಕಟ್ಟು. ಆದರೆ ವರ್ಡ್‌ಗೆ ಹೋದಾಗ ಅದು ಮಾತೃಕೆಯಾಗಿಯೇ ಹೋಗುತ್ತದೆ. “ಮೇಡಂ, ಮಧ್ಯೆ ಒಂದು ಹಂತ ಸೇರಿಸೋಣ ಅಂದ್ರೆ ಇದು ಪೆಟ್ಟಿಗೆ ಪೆಟ್ಟಿಗೆ ಥರ ಇದೆಯಲ್ಲ” ಅಂತ ಸಹೋದ್ಯೋಗಿ ಕೇಳಿದ್ದರು. ಈಗ ನಾನು ಗೆರೆ ಕಾಣದ ಒಂದು ಟೇಬಲ್ ಹಾಕಿ, ಒಂದೊಂದು ಹಂತವನ್ನೂ ಬೇರೆ ಬೇರೆ ಸೂತ್ರವಾಗಿ ಇಡುತ್ತೇನೆ. ಕೆಲಸ ಜಾಸ್ತಿ. ಆದರೆ ಎರಡೂ ಕಡೆ ತಿದ್ದಲು ಸುಲಭ.

ಕನ್ನಡ ಮಾಧ್ಯಮದವರು ಇನ್ನೊಂದು ಗಮನಿಸಬೇಕು. ಸೂತ್ರದ ಒಳಗೆ ಕನ್ನಡ ಪದ ಹಾಕಬೇಡಿ. ವರ್ಡ್‌ನ ಸಮೀಕರಣಗಳು ಬಳಸುವ ಕ್ಯಾಂಬ್ರಿಯಾ ಮ್ಯಾಥ್ ಫಾಂಟಿನಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಲಿಬ್ರೆಯಲ್ಲಿ ಉದ್ಧರಣ ಚಿಹ್ನೆಯೊಳಗೆ ‘ತ್ರಿಜ್ಯ’ ಅಂತ ಬರೆದರೆ ಇಲ್ಲಿ ಸರಿ ಕಂಡರೂ ಅಲ್ಲಿ ಹೇಗೆ ಕಾಣುತ್ತದೋ ಹೇಳಲಾಗದು. ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಾದರೆ ಇನ್ನೂ ಕಷ್ಟ. ಫಾಂಟ್ ಬದಲಾದ ಕೂಡಲೇ ಪದ ಹೋಗಿ ಇಂಗ್ಲಿಷ್ ಅಕ್ಷರಗಳ ರಾಶಿ ಉಳಿಯುತ್ತದೆ. ಕನ್ನಡ ವಾಕ್ಯ ಹೊರಗಿರಲಿ, ಚಿಹ್ನೆಗಳು ಮಾತ್ರ ಸೂತ್ರದೊಳಗೆ ಇರಲಿ.

ಇನ್ನು ನಾನು ಎಲ್ಲರಿಗೂ ಹೇಳಬೇಕೆಂದುಕೊಂಡಿರುವ ವಿಷಯ. ನಮ್ಮಲ್ಲಿ ಅನೇಕರ ಬಳಿ ವರ್ಡ್‌ನ ಹಳೆಯ ಡಾಕ್ ಫೈಲುಗಳಲ್ಲಿ ಪ್ರಶ್ನೆಗಳ ದೊಡ್ಡ ಭಂಡಾರವೇ ಇದೆ. ಅವುಗಳ ಸೂತ್ರಗಳನ್ನು ಮಾಡಿದ್ದು ವರ್ಡ್ ಜೊತೆ ಬರುತ್ತಿದ್ದ ಈಕ್ವೇಷನ್ ಎಡಿಟರ್ 3.0 ಎಂಬ ಸಲಕರಣೆಯಲ್ಲಿ. ಭದ್ರತೆಯ ದೋಷಗಳ ಕಾರಣ ಮೈಕ್ರೋಸಾಫ್ಟ್ 2018ರ ಜನವರಿಯಲ್ಲಿ ಅದನ್ನು ತೆಗೆದುಹಾಕಿತು. ಸೂತ್ರ ಕಾಣುತ್ತದೆ, ಆದರೆ ತಿದ್ದಲು ಬರುವುದಿಲ್ಲ. ವರ್ಡ್‌ನ ಹೊಸ ಚಂದಾ ಆವೃತ್ತಿಗಳಲ್ಲಿ ಈಗ ಪರಿವರ್ತಿಸುವ ದಾರಿ ಬಂದಿದೆ. ಹಳೆಯ ವರ್ಡ್ ಇಟ್ಟುಕೊಂಡವರಿಗೆ ಅದಿಲ್ಲ. ಲಿಬ್ರೆಯಲ್ಲಿ ಟೂಲ್ಸ್, ಆಪ್ಷನ್ಸ್, ಲೋಡ್-ಸೇವ್, ಮೈಕ್ರೋಸಾಫ್ಟ್ ಆಫೀಸ್ ಅಂತ ಹೋಗಿ. ಅಲ್ಲಿ ಮ್ಯಾಥ್‌ಟೈಪ್ ಎಂಬ ಸಾಲಿನ ಮುಂದೆ ಲೋಡ್‌ಗೆ ಟಿಕ್ ಇರಲಿ. ಆಮೇಲೆ ಹಳೆಯ ಫೈಲ್ ತೆರೆದು ಸೂತ್ರದ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಕೆಳಗಿನ ಕಿಟಕಿಯಲ್ಲಿ ಅದರ ಸಾಲು ಅಕ್ಷರ ಅಕ್ಷರವಾಗಿ ಕಾಣುತ್ತದೆ, ತಿದ್ದಬಹುದು. ಅದನ್ನೇ ಡಾಕ್‌ಎಕ್ಸ್ ಆಗಿ ಉಳಿಸಿದರೆ ವರ್ಡ್‌ನ ಈಗಿನ ಸಮೀಕರಣವಾಗಿ ಹೋಗುತ್ತದೆ. ಒಮ್ಮೆ ಕಣ್ಣಾಡಿಸಿ ಸರಿ ನೋಡಬೇಕು, ನಿಜ. ಆದರೂ ಎಲ್ಲವನ್ನೂ ಹೊಸದಾಗಿ ಟೈಪ್ ಮಾಡುವುದು ತಪ್ಪುತ್ತದೆ. ನನ್ನ ಹಿರಿಯ ಸಹೋದ್ಯೋಗಿಯೊಬ್ಬರ ಇಡೀ ಭಂಡಾರ ಹೀಗೆ ಮತ್ತೆ ಬಳಕೆಗೆ ಬಂತು. ಕಾಸು ಕೊಡದೆ ಸಿಗುವ ತಂತ್ರಾಂಶ ಇಷ್ಟು ಮಾಡಿಕೊಟ್ಟದ್ದು ನನಗೆ ತುಂಬಾ ಸಂತೋಷ ಕೊಟ್ಟಿದೆ.

ಅಕ್ಷರದ ಗಾತ್ರ ಮಾತ್ರ ಕಿರಿಕಿರಿ. ಲಿಬ್ರೆಯಲ್ಲಿ ಪ್ರತಿ ಸೂತ್ರವೂ ಪ್ರತ್ಯೇಕ ವಸ್ತು, ಅದರ ಗಾತ್ರವೂ ಪ್ರತ್ಯೇಕ. ಪತ್ರಿಕೆಯ ಅಕ್ಷರವನ್ನು 12ರಿಂದ 14ಕ್ಕೆ ಏರಿಸಿದರೆ ಸೂತ್ರಗಳು 12ರಲ್ಲೇ ನಿಲ್ಲುತ್ತವೆ. ಎಲ್ಲವನ್ನೂ ಒಟ್ಟಿಗೆ ಬದಲಿಸುವ ಎಕ್ಸ್‌ಟೆನ್ಷನ್ (ಲಿಬ್ರೆಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಸಿಗುತ್ತದೆ, ಹಾಕಿಕೊಳ್ಳಿ. ಟೆಕ್ಸ್‌ಮ್ಯಾಥ್ಸ್ ಎಂಬ ಇನ್ನೊಂದು ಎಕ್ಸ್‌ಟೆನ್ಷನ್ ಲೇಟೆಕ್ (ಆದೇಶ ಬರೆದು ಗಣಿತದ ಪುಟ ಜೋಡಿಸುವ ವ್ಯವಸ್ಥೆ) ಬಲ್ಲವರಿಗೆ ಹಿಡಿಸುತ್ತದೆ. ಆದರೆ ಅದು ಸೂತ್ರವನ್ನು ಚಿತ್ರವಾಗಿ ಇಡುವುದರಿಂದ ವರ್ಡ್‌ನವರು ತಿದ್ದಲಾರರು. ಲೇಟೆಕ್‌ನಲ್ಲೇ ಬರೆಯುವವರು ಪ್ಯಾಂಡಾಕ್ ಎಂಬ ಫೈಲ್ ಪರಿವರ್ತಕ ಬಳಸಿ ಡಾಕ್‌ಎಕ್ಸ್ ಮಾಡಿಕೊಳ್ಳುವುದು ಒಳ್ಳೆಯದು. ಆಗ ಸೂತ್ರಗಳು ಸಮೀಕರಣವಾಗಿಯೇ ಉಳಿಯುತ್ತವೆ.

ಪೋಷಕರಿಗೆ, ಮಕ್ಕಳಿಗೆ ವಾಟ್ಸಾಪ್‌ನಲ್ಲಿ ಡಾಕ್‌ಎಕ್ಸ್ ಕಳಿಸಬೇಡಿ. ಯಾವುದೋ ಮೊಬೈಲ್ ಆಪ್‌ನಲ್ಲಿ ತೆರೆದ ಮಗುವೊಂದಕ್ಕೆ ಭಿನ್ನರಾಶಿ ಇದ್ದ ಜಾಗವೆಲ್ಲ ಖಾಲಿ ಕಂಡಿತ್ತು. ಸುಮ್ನೆ ಪಿಡಿಎಫ್ ಕಳಿಸಿ. ಲಿಬ್ರೆಯಲ್ಲಿ ಪಿಡಿಎಫ್ ಮಾಡುವಾಗ ‘ಹೈಬ್ರಿಡ್’ ಎಂಬ ಆಯ್ಕೆ ಇದೆ. ಅದಕ್ಕೆ ಟಿಕ್ ಹಾಕಿದರೆ ಮೂಲ ಫೈಲು ಪಿಡಿಎಫ್‌ನ ಹೊಟ್ಟೆಯಲ್ಲೇ ಕೂರುತ್ತದೆ. ಓದುವವರಿಗೆ ಮಾಮೂಲಿ ಪಿಡಿಎಫ್. ಲಿಬ್ರೆಯಲ್ಲಿ ತೆರೆದರೆ ಸೂತ್ರ ಸಮೇತ ತಿದ್ದಬಹುದು. ಪರೀಕ್ಷೆಗೆ ಮೊದಲು ಪ್ರಶ್ನೆಪತ್ರಿಕೆಯನ್ನು ಹೀಗೆ ಕಳಿಸುವಾಗ ಮಾತ್ರ ಹುಷಾರು, ಉತ್ತರಗಳು ಮೂಲದಲ್ಲಿ ಉಳಿದಿರಬಾರದು.

ಮೂಲ ಪ್ರತಿ ಸದಾ ಓಡಿಟಿಯಲ್ಲೇ ಇರಲಿ. ವರ್ಡ್‌ಗೆ ಬೇಕಾದಾಗಲೆಲ್ಲ ಅದರಿಂದಲೇ ಹೊಸ ಡಾಕ್‌ಎಕ್ಸ್ ಮಾಡಿ ಕೊಡಿ. ಸಮ ಚಿಹ್ನೆ ಜೋಡಿಸುವ ನೇರವಾದ ದಾರಿಯೊಂದು ಲಿಬ್ರೆಗೆ ಬಂದ ದಿನ ಐದಕ್ಕೆ ಐದು ನಕ್ಷತ್ರ ಕೊಡುತ್ತೇನೆ. ಸದ್ಯಕ್ಕೆ ನಾಲ್ಕು.