ರಾಮನಗರದ ಬಂಡೆಯಲ್ಲಿ ಎರಡು ದಿನ: ಹೊಸಬರ ಶಿಲಾರೋಹಣ ಶಿಬಿರ ಹೇಗಿತ್ತು?

ಬೆಂಗಳೂರಿನ ಸಾಹಸ ಸಂಸ್ಥೆಯೊಂದು ಕಳೆದ ಜನವರಿಯಲ್ಲಿ ರಾಮನಗರದ ಬಳಿ ನಡೆಸಿದ ಎರಡು ದಿನಗಳ ಶಿಲಾರೋಹಣ ಶಿಬಿರಕ್ಕೆ ನಾನು ಸೇರಿದ್ದು 41ನೆಯ ವಯಸ್ಸಿನಲ್ಲಿ. ಸ್ಟೂಲು ಹತ್ತಿ ಫ್ಯಾನು ಒರೆಸಿದ್ದನ್ನು ಬಿಟ್ಟರೆ ಎತ್ತರದ ಅನುಭವ ನನಗಿರಲಿಲ್ಲ. ಶುಲ್ಕ 4,200 ರೂಪಾಯಿ. ಊಟ, ಡೇರೆ, ಸಲಕರಣೆ ಎಲ್ಲವೂ ಅದರಲ್ಲಿಯೇ ಸೇರಿತ್ತು. ಮೆಚ್ಚಿಕೊಂಡದ್ದರ ಜೊತೆಗೆ ದೂರುಗಳೂ ಇರುವುದರಿಂದ ಸಂಸ್ಥೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ.

ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಸಂರಕ್ಷಿತ ಧಾಮ. ಉದ್ದ ಕೊಕ್ಕಿನ ರಣಹದ್ದುಗಳು ಕಡಿದಾದ ಬಂಡೆಗಳ ಚಾಚುಗಳಲ್ಲಿಯೇ ಗೂಡು ಕಟ್ಟುತ್ತವೆ. ಶಿಬಿರದವರು ಆ ಬೆಟ್ಟವನ್ನು ಬಿಟ್ಟು, ದೂರದ ಬೇರೊಂದು ಬಂಡೆಯನ್ನು ಆರಿಸಿಕೊಂಡಿದ್ದರು. ಕಾರಣವನ್ನು ಮೊದಲೇ ವಿವರಿಸಿದ್ದು ನನಗೆ ಹಿಡಿಸಿತು.

ಮೊದಲ ದಿನ ಮಧ್ಯಾಹ್ನದವರೆಗೆ ಯಾರೂ ಬಂಡೆಯನ್ನು ಮುಟ್ಟಲಿಲ್ಲ. ಹತ್ತುವುದಕ್ಕೆಂದು ಬಂದ ಹುಡುಗರು ಗೊಣಗಿದರು, ನಾನೂ ಒಳಗೊಳಗೇ ಗೊಣಗಿದೆ. ಆದರೆ ಇಡೀ ಶಿಬಿರದಲ್ಲಿ ಕೊಟ್ಟ ಹಣಕ್ಕೆ ಬೆಲೆ ಬಂದದ್ದು ಆ ನಾಲ್ಕು ಗಂಟೆಗಳಲ್ಲಿಯೇ ಎಂದು ಈಗ ಅನ್ನಿಸುತ್ತದೆ. ಹತ್ತುವವರ ಸೊಂಟದ ಪಟ್ಟಿಯಾದ ಹಾರ್ನೆಸ್‌ಗೆ ಕಟ್ಟಿದ ಹಗ್ಗ ಮೇಲಕ್ಕೆ ಹೋಗಿ, ಬಂಡೆಯ ನೆತ್ತಿಯಲ್ಲಿ ಭದ್ರಪಡಿಸಿದ, ಬೀಗವಿರುವ ಲೋಹದ ಕೊಂಡಿಗಳಾದ ಕ್ಯಾರಬೀನರ್‌ಗಳ ಮೂಲಕ ಹಾದು, ಕೆಳಗೆ ನಿಂತವರ ಬಿಲೇ (ಹತ್ತುವವರು ಬಿದ್ದರೆ ತಡೆಯಲು ಹಗ್ಗ ಹಿಡಿಯುವ) ಸಾಧನಕ್ಕೆ ಇಳಿಯುತ್ತದೆ. ಆ ಸಾಧನದಲ್ಲಿ ಹಗ್ಗ ಚೂಪಾಗಿ ಬಾಗುವುದರಿಂದ ಉಂಟಾಗುವ ಘರ್ಷಣೆಯೇ ಬಿದ್ದವರನ್ನು ತಡೆಯುತ್ತದೆ. ಐವತ್ತು ಕಿಲೋ ತೂಗುವ ಹುಡುಗಿ ಎಂಬತ್ತು ಕಿಲೋದ ನನ್ನನ್ನು ಗಾಳಿಯಲ್ಲಿ ಹಿಡಿದು ನಿಲ್ಲಿಸಿದ್ದು ಹೀಗೆ. ಷರತ್ತು ಒಂದೇ: ಸಾಧನದ ಕೆಳಗೆ ಹಗ್ಗ ಹಿಡಿದ ಕೈಯನ್ನು ಯಾವ ಕ್ಷಣದಲ್ಲಿಯೂ ಬಿಡಬಾರದು. ತರಬೇತುದಾರರು ನೆಲದಿಂದ ಒಂದಾಳೆತ್ತರದಲ್ಲಿ ಪ್ರತಿಯೊಬ್ಬರನ್ನೂ ಬೇಕೆಂದೇ ಬೀಳಿಸಿ, ಇನ್ನೊಬ್ಬರಿಂದ ಹಿಡಿಸಿದರು. ಕೈ ಬಿಟ್ಟವರು ಎಲ್ಲರಿಗೂ ಚಹಾ ಕೊಡಿಸಬೇಕೆಂಬ ದಂಡವೂ ಇತ್ತು; ನಾನು ಎರಡು ಸಲ ಕೊಡಿಸಿದೆ. ಎಂಟರ ಆಕಾರದ ಗಂಟನ್ನು ಬೆನ್ನ ಹಿಂದೆ ಕೈಯಿಟ್ಟು ಹಾಕುವಷ್ಟು ರೂಢಿಸಿದರು. ಪ್ರತಿ ಸಲ ಹತ್ತುವ ಮೊದಲು ಜೊತೆಗಾರರ ಗಂಟು, ಬಕಲ್, ಕ್ಯಾರಬೀನರ್‌ನ ಬೀಗ ಮೂರನ್ನೂ ಮುಟ್ಟಿ ನೋಡಿ ಬಾಯಿಬಿಟ್ಟು ಹೇಳಬೇಕಿತ್ತು.

ಬಂಡೆ ಮುಟ್ಟಿದ ಮೇಲೆ ನನ್ನ ಮೊದಲ ತಪ್ಪು ಹೊಸಬರೆಲ್ಲರದು: ತೋಳಿನ ಬಲದಿಂದ ಮೈಯನ್ನು ಎಳೆದುಕೊಳ್ಳಲು ಹೋದದ್ದು. ರಾಮನಗರದ ಗ್ರಾನೈಟ್ ಇಳಿಜಾರಿನಲ್ಲಿ ಹಿಡಿಯಲು ಅಂಚುಗಳೇ ಇಲ್ಲದ ಕಡೆಗಳಿವೆ. ಅಲ್ಲಿ ಹಿಮ್ಮಡಿಯನ್ನು ತಗ್ಗಿಸಿ, ಸೊಂಟವನ್ನು ಬಂಡೆಯಿಂದ ಹೊರಗಿಟ್ಟು, ಭಾರವನ್ನೆಲ್ಲ ಪಾದದ ಮೇಲೆ ಹಾಕಿದರೆ ಶೂ ಅಡಿಯ ರಬ್ಬರು ಕಲ್ಲಿಗೆ ಕಚ್ಚಿಕೊಳ್ಳುತ್ತದೆ. ಹೆದರಿ ಕಲ್ಲನ್ನು ಅಪ್ಪಿಕೊಂಡರೆ ಭಾರ ಪಾದದಿಂದ ಸರಿದು ಕಾಲು ಜಾರುತ್ತದೆ. ಹೆದರಿದವನಿಗೆ ತೋಚುವ ಉಪಾಯವೇ ಇಲ್ಲಿ ಅವನನ್ನು ಕೆಡವುತ್ತದೆ ಎಂಬುದನ್ನು ನನ್ನ ಮೊಣಕಾಲಿನ ಸಿಪ್ಪೆ ಹೋದ ಮೇಲೆ ಒಪ್ಪಿಕೊಂಡೆ. ಎರಡನೆಯ ದಿನ ಬೆಳಿಗ್ಗೆ ಏಳಕ್ಕೆ, ಕಲ್ಲು ಇನ್ನೂ ತಣ್ಣಗಿದ್ದಾಗ, ಹಿಂದಿನ ಸಂಜೆ ಸೋತ ದಾರಿಯನ್ನೇ ನಿಲ್ಲದೆ ಮುಗಿಸಿದೆ. ಬಿಸಿಲೇರಿದ ಮೇಲೆ ಬೆರಳು ಬೆವರಿ ಚಾಕ್ ಪುಡಿಯೂ ನಿಲ್ಲಲಿಲ್ಲ.

ಇನ್ನು ದೂರುಗಳು. ನಾವು ಹದಿನಾಲ್ಕು ಮಂದಿ, ಹಗ್ಗ ಎರಡೇ. ಒಂದು ಸರದಿಗೆ ಮುಕ್ಕಾಲು ಗಂಟೆ ಕಾದದ್ದುಂಟು. ಶೂಗಳ ವಿಷಯದಲ್ಲಂತೂ ಅಸಡ್ಡೆಯೇ ಎದ್ದು ಕಾಣುತ್ತಿತ್ತು. ಶಿಲಾರೋಹಣದ ಶೂ ನೋಯಿಸದೆ, ಬೆರಳುಗಳು ತುದಿಗೆ ತಾಗುವಷ್ಟು ಬಿಗಿಯಾಗಿರಬೇಕು. ನನಗೆ ಸಿಕ್ಕ ಜೋಡಿ ಒಂದು ಅಳತೆ ದೊಡ್ಡದು, ಒಳಗೆ ಪಾದ ತಿರುಗುತ್ತಿತ್ತು. ಒಂದು ಹೆಲ್ಮೆಟ್‌ನಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ತೋರಿಸಿದ ಕೂಡಲೇ ಬದಲಿಸಿದರು, ಆದರೆ ಕಂಡುಹಿಡಿಯುವ ಕೆಲಸ ನಮ್ಮದಾಗಬಾರದಿತ್ತು. ಊಟ ಚೆನ್ನಾಗಿತ್ತು.

ನಗರದ ಒಳಾಂಗಣ ಗೋಡೆಗಳಲ್ಲಿ ಇಷ್ಟೇ ಹಣಕ್ಕೆ ಹೆಚ್ಚು ಸಲ ಹತ್ತಬಹುದು. ಬಣ್ಣದ ಹಿಡಿಕೆಗಳಿರುವುದರಿಂದ ಕೈ ಎಲ್ಲಿಡಬೇಕೆಂಬ ಗೊಂದಲವೂ ಇಲ್ಲ. ಆದರೆ ಕಲ್ಲನ್ನು ಓದುವುದನ್ನು ಗೋಡೆ ಕಲಿಸುವುದಿಲ್ಲ. ಬಾದಾಮಿಯ ಕೆಂಪು ಮರಳುಗಲ್ಲು ಹೆಚ್ಚು ಕಡಿದಾಗಿದ್ದು ತೋಳಿನ ಕಸುವನ್ನು ಬೇಡುತ್ತದೆ, ಹಂಪಿಯಲ್ಲಿ ಹಗ್ಗವಿಲ್ಲದೆ ಗುಂಡುಕಲ್ಲುಗಳನ್ನು ಏರುವ ಬೌಲ್ಡರಿಂಗ್ ಪ್ರಧಾನ. ನನ್ನಂಥವರಿಗೆ ಬೆಂಗಳೂರಿನಿಂದ ಸುಮಾರು 50 ಕಿಲೋಮೀಟರ್ ದೂರದ ಈ ಇಳಿಜಾರುಗಳೇ ಸಲೀಸು.

ಇಂಥ ಶಿಬಿರಕ್ಕೆ ಹಣ ಕಟ್ಟುವ ಮೊದಲು ಒಂದು ಹಗ್ಗಕ್ಕೆ ಎಷ್ಟು ಜನ, ನಿಮ್ಮ ಅಳತೆಯ ಶೂ ಇದೆಯೇ, ಬಿಲೇ ಮಾಡುವುದನ್ನು ಕಲಿಸುತ್ತಾರೆಯೇ ಅಥವಾ ತಾವೇ ಹಗ್ಗ ಹಿಡಿದು ನಿಮ್ಮನ್ನು ಹತ್ತಿಸಿ ಇಳಿಸಿ ಫೋಟೊ ತೆಗೆದು ಕಳಿಸುತ್ತಾರೆಯೇ ಎಂದು ಫೋನಿನಲ್ಲಿಯೇ ಕೇಳಿಕೊಳ್ಳಿ. ಮೂರನೆಯದಕ್ಕೆ ಸರಿಯಾದ ಉತ್ತರ ಬಂದರೆ ಮೊದಲೆರಡರಲ್ಲಿ ನಾನು ಸ್ವಲ್ಪ ಹೊಂದಿಕೊಂಡೇನು. ಉಗುರು ಕತ್ತರಿಸಿಕೊಂಡು ಹೋಗಿ. ಬೆರಳ ತುದಿ ಮೂರು ದಿನ ಉರಿಯುತ್ತದೆ, ಸೋಮವಾರ ಕೀಬೋರ್ಡ್ ಮುಟ್ಟುವುದೂ ಕಷ್ಟ.